ಗಂಟೆ ಬಾರಿಸಿದರೂ ಏಳದ ಮಕ್ಕಳು

ಕಳೆದ ಮಳೆಗಾಲದ ಒಂದು ರಾತ್ರಿ ಹನ್ನೊಂದೂವರೆಯ ಸುಮಾರಿಗೆ, ನಾವು ವಾಸವಾಗಿರುವ ಕಟ್ಟಡದ ಐದನೆಯ ಮಹಡಿಯಲ್ಲಿ ಹೊಗೆಯ ಅಲಾರಂ ಕೂಗಿಕೊಂಡಿತು. ಮುಂಬಯಿಯ ಕೆಲವು ಹೊಸ ಕಟ್ಟಡಗಳಲ್ಲಿ ಕಾರಿಡಾರಿನ ಸೂರಿಗೆ ಅಂಗೈಯಗಲದ ಬಿಳಿಯ ಬಿಲ್ಲೆಯೊಂದನ್ನು ಅಂಟಿಸಿರುವುದನ್ನು ಓದುಗರು ನೋಡಿರಬಹುದು. ಹೊಗೆ ತಗುಲಿತೆಂದರೆ ಕಿವಿ ಸೀಳುವಂತೆ ಕೀರಿಡುವುದೇ ಅದರ ಕೆಲಸ. ಆ ರಾತ್ರಿ ಬೆಂಕಿಯೇನೂ ಬಿದ್ದಿರಲಿಲ್ಲ. ಎರಡನೆಯ ಪಾಳಿ ಮುಗಿಸಿ ಬಂದ ನೆರೆಮನೆಯ ಹುಡುಗನೊಬ್ಬ ಅನ್ನಕ್ಕೆ ಒಗ್ಗರಣೆ ಹಾಕಲು ಹೋಗಿ, ಒಣಮೆಣಸಿನಕಾಯಿ ಸೀಯಿಸಿ, ಘಾಟು ತಾಳಲಾರದೆ ಬಾಗಿಲು ತೆರೆದಿದ್ದ, ಅಷ್ಟೆ. ಆದರೆ ಅದು ನಮಗೆ ತಿಳಿಯಬೇಕಾದರೆ ಐದಾರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಎಂಟು ಮನೆಗಳ ಹಿರಿಯರೆಲ್ಲ ಕೈಗೆ ಸಿಕ್ಕಿದ ಬಟ್ಟೆ ಸುತ್ತಿಕೊಂಡು ಹೊರಗೆ ನೆರೆದಿದ್ದರು. ಒಬ್ಬರ ಕೈಯಲ್ಲಿ ಬೀಗದ ಕೈ, ಒಬ್ಬರ ಕೈಯಲ್ಲಿ ಕಾಗದಪತ್ರದ ಚೀಲ, ಇನ್ನೊಬ್ಬರ ಕೈಯಲ್ಲಿ ಏಕೋ ಏನೋ ಒಂದು ಛತ್ರಿ.

"ಮಕ್ಕಳೆಲ್ಲಿ?" ಎಂದು ಯಾರೋ ಕೇಳಿದರು.

ನಾವೆಲ್ಲ ಒಳಕ್ಕೆ ಓಡಿದೆವು. ನನ್ನ ಮೊಮ್ಮಗಳಿಗೆ ಹತ್ತು ವರ್ಷ, ಮೊಮ್ಮಗನಿಗೆ ಏಳು. ಇಬ್ಬರೂ ಒಂದೇ ಹೊದಿಕೆಯಲ್ಲಿ, ಒಬ್ಬರ ಕಾಲು ಒಬ್ಬರ ಮೇಲೆ ಹಾಕಿಕೊಂಡು, ಲೋಕದ ಪರಿವೆಯಿಲ್ಲದೆ ಮಲಗಿದ್ದರು. ತೆರೆದ ಬಾಗಿಲಿನಿಂದ ಅಲಾರಮಿನ ಕೂಗು ನೇರವಾಗಿ ಅವರ ತಲೆಯ ಮೇಲೆ ಬೀಳುತ್ತಿತ್ತು. ಆ ಮಹಡಿಯಲ್ಲಿ ಒಟ್ಟು ಹನ್ನೊಂದು ಮಕ್ಕಳು. ತಾನಾಗಿ ಎದ್ದು ಬಂದಿದ್ದವಳು ಎಂಟನೆಯ ಇಯತ್ತೆಯಲ್ಲಿ ಓದುವ ಒಬ್ಬಳೇ ಹುಡುಗಿ. ಎದುರುಮನೆಯ ಅಜ್ಜಿ, "ಏನು ಪುಣ್ಯದ ನಿದ್ದೆಯಪ್ಪಾ, ಕುಂಭಕರ್ಣನ ಮಕ್ಕಳು! ಮಲಗಲಿ, ಎಬ್ಬಿಸಬೇಡಿ" ಎಂದರು. ಎಲ್ಲರೂ ನಕ್ಕು, ಒಗ್ಗರಣೆಯ ಹುಡುಗನಿಗೆ ನಾಲ್ಕು ಮಾತು ಹೇಳಿ, ಬಾಗಿಲು ಹಾಕಿಕೊಂಡರು. ನನಗೆ ಮಾತ್ರ ಆ ರಾತ್ರಿ ಮತ್ತೆ ಕಣ್ಣು ಹತ್ತಲಿಲ್ಲ. ಒಂದು ವೇಳೆ ಅದು ನಿಜವಾದ ಹೊಗೆಯೇ ಆಗಿದ್ದಿದ್ದರೆ?

ಇದು ನಮ್ಮ ಮಹಡಿಯ ಮಕ್ಕಳ ಸೋಮಾರಿತನವೋ, ಲೋಕದ ಮಕ್ಕಳೆಲ್ಲರ ಸ್ವಭಾವವೋ ಎಂದು ತಿಳಿಯುವ ಹಂಬಲ ಹುಟ್ಟಿ, ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ ಮೇಲೆ ತಿಳಿದದ್ದನ್ನು ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಿಗೂ ಹೇಳಬೇಕೆನ್ನಿಸಿತು. ಏಕೆಂದರೆ ನಮ್ಮಲ್ಲಿ ರಾತ್ರಿಪಾಳಿಗೆ ಹೋಗುವವರು ಅನೇಕರು. ಮನೆಯಲ್ಲಿ ಮಕ್ಕಳನ್ನು ಬಿಟ್ಟು ಹೋಗುವಾಗ "ಏನಾದರೂ ಆದರೆ ಅಲಾರಂ ಇದೆಯಲ್ಲ", "ಅಕ್ಕಪಕ್ಕದವರ ಗದ್ದಲಕ್ಕೆ ಎಚ್ಚರವಾಗುತ್ತದೆಯಲ್ಲ" ಎಂದು ನಂಬಿ ಹೋಗುವವರು.

ಮೊದಲು ಈ ವಿಷಯವನ್ನು ಕ್ರಮವಾಗಿ ಪರೀಕ್ಷಿಸಿದವರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಡಾರತಿ ಬ್ರಕ್ ಎಂಬ ಮನಶ್ಶಾಸ್ತ್ರಜ್ಞೆ ಒಬ್ಬರು. ೧೯೯೯ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ೨೦ ಮಕ್ಕಳಿದ್ದರು. ಮಕ್ಕಳು ತಮ್ಮ ತಮ್ಮ ಮನೆಯಲ್ಲೇ ಮಲಗಿದ್ದಾಗ ಎರಡು ರಾತ್ರಿ ಅಲಾರಂ ಬಾರಿಸಿದರು. ನೂರಕ್ಕೆ ೮೫ ಮಕ್ಕಳು ಎರಡರಲ್ಲಿ ಒಂದು ಸಲವಾದರೂ, ಅಥವಾ ಎರಡೂ ಸಲ, ಏಳದೆ ಮಲಗಿದ್ದರು. ಅದೇ ಮನೆಗಳ ದೊಡ್ಡವರಿಗೆ ಎಚ್ಚರವಾಗುತ್ತಿತ್ತು.

ಇದಾದ ಎಷ್ಟೋ ವರ್ಷಗಳ ಮೇಲೆ, ೨೦೧೨ರ ಮೇ ತಿಂಗಳಿನಲ್ಲಿ, ಇಂಗ್ಲೆಂಡಿನ ಡರ್ಬಿ ಎಂಬ ಊರಿನ ಒಂದು ಮನೆಗೆ ರಾತ್ರಿ ಬೆಂಕಿ ಬಿದ್ದು, ಮಹಡಿಯ ಮೇಲೆ ಮಲಗಿದ್ದ ಆರು ಮಕ್ಕಳು ತೀರಿಕೊಂಡರು. ಆ ಬೆಂಕಿ ಹೇಗೆ ಬಿತ್ತೆಂಬುದು ಬೇರೆಯೇ ಕಥೆ. ಅದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಆದರೆ ಆ ಪ್ರಾಂತದ ಅಗ್ನಿಶಾಮಕ ದಳದ ತನಿಖೆಗಾರರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು: ಮಕ್ಕಳಲ್ಲಿ ಒಬ್ಬರಾದರೂ ಏಕೆ ಏಳಲಿಲ್ಲ? ಅವರು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರ ಜೊತೆ ಸೇರಿ ೩೪ ಮಕ್ಕಳನ್ನು ಅವರವರ ಮನೆಯಲ್ಲೇ ಪರೀಕ್ಷಿಸಿದರು. ಅತಿ ಚಿಕ್ಕ ಮಗುವಿಗೆ ಎರಡು ವರ್ಷ, ಅತಿ ದೊಡ್ಡದಕ್ಕೆ ಹದಿಮೂರು. ಒಬ್ಬೊಬ್ಬರಿಗೂ ಆರಾರು ಸಲ ಅಲಾರಂ ಬಾರಿಸಲಾಯಿತು. ೨೭ ಮಕ್ಕಳು ಒಂದು ಸಲವೂ ಏಳಲಿಲ್ಲ. ಪ್ರತಿ ಸಲವೂ ಎದ್ದವರು ಇಬ್ಬರೇ. ಅವರಲ್ಲಿ ಹುಡುಗರು ೧೪ ಮಂದಿ. ಆ ಹದಿನಾಲ್ವರಲ್ಲಿ ಒಬ್ಬನೂ ಒಂದು ಸಲವೂ ಏಳಲಿಲ್ಲ. ಈ ಸಂಗತಿ ಹೊರಬಿದ್ದದ್ದು ೨೦೧೭ರಲ್ಲಿ. ಓದಿದವರಿಗೆ ನಂಬುವುದು ಕಷ್ಟವೆನ್ನಿಸಬಹುದು. ನಾನಾದರೆ ನಂಬಿದೆ, ಐದನೆಯ ಮಹಡಿಯಲ್ಲಿ ನೋಡಿದ್ದೆನಲ್ಲ!

ಹಾಗಾದರೆ ಮಕ್ಕಳ ಕಿವಿ ಮಂದವೇ? ಇಲ್ಲ. ಕಿವಿ ದೊಡ್ಡವರದಕ್ಕಿಂತ ಚುರುಕು. ಗುಟ್ಟು ಇರುವುದು ನಿದ್ದೆಯಲ್ಲಿ.

ನಿದ್ದೆಯೆಂದರೆ ಒಂದೇ ಹದದ ಕತ್ತಲೆಯಲ್ಲ. ತಲೆಗೆ ತೆಳುವಾದ ತಂತಿಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ತಿನ ಅಲೆಗಳನ್ನು ಬರೆದುಕೊಳ್ಳುವ ಯಂತ್ರವಿದೆ. ಎಚ್ಚರವಾಗಿರುವಾಗ ಈ ಅಲೆಗಳು ಸಣ್ಣವಾಗಿಯೂ ಬಿರುಸಾಗಿಯೂ ಇರುತ್ತವೆ, ಮಳೆಯ ಹನಿ ಬಿದ್ದ ಕೆರೆಯ ಮೇಲ್ಮೈಯಂತೆ. ನಿದ್ದೆ ಆಳವಾದಂತೆ ಅಲೆಗಳು ದೊಡ್ಡವಾಗುತ್ತ, ನಿಧಾನವಾಗುತ್ತ ಹೋಗಿ, ಕೊನೆಗೆ ಸೆಕೆಂಡಿಗೆ ಒಂದೋ ಎರಡೋ ಬರುವ ಭಾರಿ ಅಲೆಗಳಾಗುತ್ತವೆ. ಇದೇ ಗಾಢನಿದ್ದೆ. ಈ ಹೊತ್ತಿನಲ್ಲಿ ಸದ್ದು ಕಿವಿಯೊಳಕ್ಕೆ ಹೋಗುವುದೇನೋ ಸರಿ. ಆದರೆ ಮಿದುಳಿನ ನಡುವೆ ಕುಳಿತಿರುವ ಥಾಲಮಸ್ ಎಂಬ ಭಾಗ, ದೊಡ್ಡ ಸಾಹೇಬರ ಬಾಗಿಲಿನ ಪಟ್ಟೇವಾಲನಂತೆ, ಬಂದ ಅರ್ಜಿಯಲ್ಲಿ ಬಹುಪಾಲನ್ನು ಹೊರಗೇ ತಡೆದು ನಿಲ್ಲಿಸುತ್ತದೆ.

ದೊಡ್ಡವರಿಗೂ ಈ ಗಾಢನಿದ್ದೆ ಉಂಟು. ಆದರೆ ಮಕ್ಕಳಿಗೆ ಅದು ಬಹಳ ಹೆಚ್ಚು, ಅಲೆಗಳೂ ಬಹಳ ದೊಡ್ಡವು. ಹದಿಹರೆಯದಲ್ಲಿ ಅದು ವೇಗವಾಗಿ ಇಳಿಯುತ್ತದೆ. ಮುಪ್ಪಿನಲ್ಲಿ ಅದರ ಪಾಲು ತೀರ ಸ್ವಲ್ಪ. ಎಪ್ಪತ್ತು ದಾಟಿದ ನಮ್ಮಂಥವರು ಬೆಕ್ಕು ನಡೆದರೆ ಏಳುವುದೂ, ಏಳು ವರ್ಷದವನು ಡೋಲು ಬಾರಿಸಿದರೂ ಏಳದಿರುವುದೂ ಇದೇ ಕಾರಣಕ್ಕೆ. ದೇಹ ಬೆಳೆಯಲು ಬೇಕಾದ ರಸ ಹೆಚ್ಚಾಗಿ ಹೊರಡುವುದೂ ಈ ಗಾಢನಿದ್ದೆಯಲ್ಲೇ. ಆದ್ದರಿಂದ ಮಕ್ಕಳ ಈ ನಿದ್ದೆಯನ್ನು ರೋಗವೆನ್ನುವಂತಿಲ್ಲ. ಅದು ಬೆಳೆಯುವ ಪ್ರಾಯದ ಆಸ್ತಿ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಗಾಢನಿದ್ದೆಯ ಬಹುಪಾಲು ಬರುವುದು ರಾತ್ರಿಯ ಮೊದಲ ಭಾಗದಲ್ಲಿ. ಹತ್ತು ಗಂಟೆಗೆ ಮಲಗಿದ ಮಗು ಹನ್ನೊಂದರಿಂದ ಒಂದರವರೆಗೆ ಬಾವಿಯ ತಳದಲ್ಲಿರುತ್ತದೆ. ನಿದ್ದೆಗೆಟ್ಟ ಮಗುವಿನಲ್ಲಿ ಈ ಬಾವಿ ಇನ್ನೂ ಆಳ, ಏಕೆಂದರೆ ಬಾಕಿ ಉಳಿದ ನಿದ್ದೆಯನ್ನು ದೇಹ ಮೊದಲು ಗಾಢನಿದ್ದೆಯ ರೂಪದಲ್ಲೇ ವಸೂಲು ಮಾಡಿಕೊಳ್ಳುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ಗಂಟೆಯ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಹೇಗಿದೆ? ತಂದೆ ಲೋಕಲ್ ಹಿಡಿದು ಮನೆ ಸೇರುವುದು ರಾತ್ರಿ ಒಂಬತ್ತೂವರೆಗೆ. ಮಗು ಅಪ್ಪನ ಮುಖ ನೋಡದೆ ಮಲಗಲೊಲ್ಲದು. ಇರುವ ಒಂದೇ ಕೋಣೆಯಲ್ಲಿ ಊಟ, ಟೀವಿ, ಮಾತು ಎಲ್ಲ ಮುಗಿದು ದೀಪ ಆರುವಾಗ ಹನ್ನೊಂದು. ಬೆಳಿಗ್ಗೆ ಆರಕ್ಕೆ ಶಾಲೆಯ ಗಡಿಬಿಡಿ. ಏಳು ಗಂಟೆಯ ನಿದ್ದೆಯಲ್ಲಿ ವಾರವಿಡೀ ಕಳೆದ ಮಗುವನ್ನು ಶುಕ್ರವಾರ ರಾತ್ರಿ ಅಲಾರಂ ಎಬ್ಬಿಸುತ್ತದೆಂದು ನಂಬಿದರೆ, ಹೊಣೆ ಮಗುವಿನದಲ್ಲ.

ಈಗ ಅಲಾರಮಿನ ಕೂಗಿನ ವಿಚಾರ. ಸಾಧಾರಣವಾದ ಅಲಾರಂ ಮೂರು ಮೀಟರಿನಷ್ಟು ದೂರದಲ್ಲಿ ಸುಮಾರು ೮೫ ಡೆಸಿಬಲ್ ಸದ್ದು ಮಾಡುತ್ತದೆ. ಗದ್ದಲದ ರಸ್ತೆಯ ಪಕ್ಕ ನಿಂತಂತೆ. ಕೂಗಿನ ಶ್ರುತಿ ಬಹಳ ಮೇಲಿನದು, ಸೆಕೆಂಡಿಗೆ ೩೧೦೦ ಕಂಪನಗಳ ಆಸುಪಾಸು. ಇಷ್ಟು ಮೇಲಿನ ಶ್ರುತಿ ಏಕೆಂದರೆ, ಸಣ್ಣ ಬ್ಯಾಟರಿಯಿಂದ ಸಣ್ಣ ಬಿಲ್ಲೆಯನ್ನು ಗಟ್ಟಿಯಾಗಿ ಕೂಗಿಸಲು ಅದೇ ಅಗ್ಗದ ದಾರಿ. ಮಲಗಿದವರ ಮಿದುಳಿಗೆ ಯಾವ ಶ್ರುತಿ ಹಿತವೆಂಬುದನ್ನು ಯಾರೂ ಮೊದಲು ಕೇಳಿರಲಿಲ್ಲ. ಬ್ರಕ್ ಮತ್ತು ಅವರ ಸಂಗಡಿಗರು ಮುಂದೆ ಬೇರೆ ಬೇರೆ ಸದ್ದುಗಳನ್ನು ಹೋಲಿಸಿ ನೋಡಿದಾಗ, ಸೆಕೆಂಡಿಗೆ ೫೨೦ ಕಂಪನಗಳ, ಮೇಲಿನ ಸ್ವರಗಳೂ ಬೆರೆತ, ದಪ್ಪನೆಯ ಸದ್ದು ಆ ಕೀರಲು ಸದ್ದಿಗಿಂತ ಎಷ್ಟೋ ಚೆನ್ನಾಗಿ ಎಬ್ಬಿಸುತ್ತದೆಂದು ಕಂಡುಬಂತು. ಹೆಂಗಸೊಬ್ಬಳು ದನಿಯೆತ್ತಿ ಕೂಗಿದರೆ ಬರುವ ಸ್ವರದ ಸುಮಾರಿನದು ಅದು. ಅಮೆರಿಕದ ಅಗ್ನಿರಕ್ಷಣೆಯ ನಿಯಮಾವಳಿಯು ೨೦೧೪ರಿಂದ ಹೋಟೆಲು ಮೊದಲಾದ ಕಡೆ ಜನ ಮಲಗುವ ಕೋಣೆಗಳಿಗೆ ಈ ತಗ್ಗು ಶ್ರುತಿಯ ಸದ್ದನ್ನೇ ವಿಧಿಸಿತು.

ಈ ಮೇಲಿನ ಶ್ರುತಿಯಿಂದ ಇನ್ನೊಂದು ತೊಡಕಿದೆ; ಅದು ನಮ್ಮ ಹಿರಿಯರಿಗೆ ಸಂಬಂಧಿಸಿದ್ದು. ವಯಸ್ಸಾದಂತೆ ಮೊದಲು ಮಾಸುವುದು ಮೇಲಿನ ಸ್ವರಗಳ ಕೇಳ್ಮೆ. ಯಂತ್ರಗಳ ಗದ್ದಲದಲ್ಲಿ ದುಡಿದವರಿಗಂತೂ ಮೂರು ಸಾವಿರದಿಂದ ಆರು ಸಾವಿರ ಕಂಪನಗಳ ನಡುವಣ ಸ್ವರಗಳೇ ಮೊದಲು ಹೋಗುತ್ತವೆ. ನಾನು ಗಿರಣಿಯೊಂದರ ಮಗ್ಗದ ಖಾತೆಯಲ್ಲಿ ಕೆಲವು ವರ್ಷ ಗುಮಾಸ್ತೆಯಾಗಿದ್ದೆ. ಮಗ್ಗ ಮುಟ್ಟಿದವನಲ್ಲ, ಲೆಕ್ಕ ಬರೆದವನು. ಆದರೂ ಮೇಜು ಇದ್ದದ್ದು ಮಗ್ಗಗಳ ನಡುವೆಯೇ. ಆ ರಾತ್ರಿ ಅಲಾರಂ ಕೂಗಿದಾಗ ಬೆಕ್ಕಿನ ಹೆಜ್ಜೆಗೆ ಏಳುವವನೆಂದು ಜಂಬ ಕೊಚ್ಚುವ ನನ್ನನ್ನು ಭುಜ ಹಿಡಿದು ಅಲುಗಿಸಿ ಎಬ್ಬಿಸಿದವಳು ಮನೆಯವಳು. ಈಗ ಲೆಕ್ಕ ಹಾಕಿರಿ: ಮಗಸೊಸೆಯರು ಇಬ್ಬರೂ ಕೆಲಸದ ಮೇಲೆ ಹೊರಗೆ, ಮನೆಯಲ್ಲಿ ಅಜ್ಜ ಮತ್ತು ಎರಡು ಮಕ್ಕಳು. ಮಕ್ಕಳಿಗೆ ನಿದ್ದೆಯ ಗೋಡೆ, ಅಜ್ಜನಿಗೆ ಕಿವಿಯ ಗೋಡೆ. ಸೂರಿನ ಬಿಲ್ಲೆ ಯಾರಿಗಾಗಿ ಕೂಗಬೇಕು?

ಶ್ರುತಿಗಿಂತಲೂ ದೊಡ್ಡ ಮಾತು ಮಾತಿನದೇ. ಮಲಗಿದ ಮಿದುಳು ಸದ್ದಿನ ಗಾತ್ರವನ್ನಷ್ಟೇ ಅಳೆಯುವುದಿಲ್ಲ, ಅರ್ಥವನ್ನೂ ಒಂದಿಷ್ಟು ತೂಗಿ ನೋಡುತ್ತದೆ. ೧೯೬೦ರಲ್ಲೇ ಬ್ರಿಟನ್ನಿನ ಇಯಾನ್ ಆಸ್ವಾಲ್ಡ್ ಮತ್ತು ಅವರ ಸಂಗಡಿಗರು, ಮಲಗಿದವರ ಹತ್ತಿರ ಹಲವು ಹೆಸರುಗಳನ್ನು ನುಡಿಸಿದಾಗ ಅವರ ಸ್ವಂತ ಹೆಸರಿಗೆ ಮಿದುಳು ಹೆಚ್ಚು ಓಗೊಡುತ್ತದೆಂದು ತೋರಿಸಿದ್ದರು. ರೈಲು ಹಳಿಯ ಪಕ್ಕದ ಮನೆಯಲ್ಲಿ ಗಾಡಿಗಳ ಅಬ್ಬರಕ್ಕೆ ಏಳದ ತಾಯಿ ಕೂಸಿನ ಕುಂಯ್ ಎಂಬ ಸದ್ದಿಗೆ ಏಳುವುದನ್ನು ನಾವೆಲ್ಲ ಕಂಡವರೇ.

ಅಮೆರಿಕದ ಒಹಾಯೊ ಸಂಸ್ಥಾನದ ಕೊಲಂಬಸ್ ನಗರದಲ್ಲಿ ಮಕ್ಕಳ ಒಂದು ದೊಡ್ಡ ಆಸ್ಪತ್ರೆಯಿದೆ. ಅಲ್ಲಿನ ಡಾಕ್ಟರ್ ಗ್ಯಾರಿ ಸ್ಮಿತ್ ಮತ್ತು ಸಂಗಡಿಗರು ಈ ಸಂಗತಿಯನ್ನು ಉಪಯೋಗಿಸಿಕೊಂಡರು. ೨೦೦೬ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ಆರರಿಂದ ಹನ್ನೆರಡು ವರ್ಷದ ೨೪ ಮಕ್ಕಳನ್ನು ನಿದ್ರಾಪರೀಕ್ಷೆಯ ಕೋಣೆಯಲ್ಲಿ ಮಲಗಿಸಿದರು. ಅಲೆಗಳನ್ನು ನೋಡುತ್ತಿದ್ದು, ಮಗು ಗಾಢನಿದ್ದೆಗೆ ಇಳಿದದ್ದು ಖಚಿತವಾದ ಮೇಲೆಯೇ ಅಲಾರಂ ಬಾರಿಸಿದರು. ಒಂದು ಸಲ ಮಾಮೂಲಿ ಕೀರಲು ಸದ್ದು. ಇನ್ನೊಂದು ಸಲ ತಾಯಿ ಅಥವಾ ತಂದೆಯ ದನಿಯಲ್ಲಿ ಮೊದಲೇ ಮುದ್ರಿಸಿಟ್ಟ ಕೂಗು: ಮಗುವಿನ ಹೆಸರು, ಏಳು, ಕೋಣೆ ಬಿಟ್ಟು ಹೊರಡು ಎಂಬ ಮಾತು. ಕೀರಲು ಸದ್ದಿಗೆ ೧೪ ಮಕ್ಕಳು ಎದ್ದರು, ದನಿಗೆ ೨೩. ನಡುವಣ ಲೆಕ್ಕದಲ್ಲಿ ದನಿಗೆ ಎಚ್ಚರವಾಗಲು ಹಿಡಿದ ಕಾಲ ೨೦ ಸೆಕೆಂಡು. ಕೀರಲು ಸದ್ದಿಗೆ ಮೂರು ನಿಮಿಷ. ಐದು ನಿಮಿಷದೊಳಗೆ ಹೊರಗೆ ಬಂದು ಸೇರಿದವರು ದನಿಗೆ ೨೦ ಮಂದಿ, ಸದ್ದಿಗೆ ೯.

ಮೂರು ನಿಮಿಷವೆಂದರೇನು ಮಹಾ, ಎನ್ನಬೇಡಿ. ಇಂದಿನ ಮನೆಗಳಲ್ಲಿ ಹಾಸಿಗೆ, ಸೋಫಾ, ಪರದೆ ಎಲ್ಲವೂ ಫೋಮು ಮತ್ತು ಪ್ಲಾಸ್ಟಿಕ್ಕಿನ ಜಾತಿ. ಹತ್ತಿಯ ಗಾದಿ ಹೊಗೆಯಾಡುತ್ತ ಕೂರುತ್ತಿದ್ದರೆ, ಇವು ಧಗ್ಗನೆ ಹಿಡಿದು ಕೆಲವೇ ನಿಮಿಷಗಳಲ್ಲಿ ಕೋಣೆಯನ್ನು ಕಪ್ಪು ಹೊಗೆಯಿಂದ ತುಂಬಿಬಿಡುತ್ತವೆ.

ಅದೇ ಆಸ್ಪತ್ರೆಯವರು ೨೦೧೮ರಲ್ಲಿ ಇನ್ನೂ ದೊಡ್ಡದಾಗಿ, ಐದರಿಂದ ಹನ್ನೆರಡು ವರ್ಷದ ೧೭೬ ಮಕ್ಕಳ ಮೇಲೆ ಪರೀಕ್ಷೆ ಮಾಡಿದರು. ತಾಯಿಯ ದನಿಗೆ ನೂರಕ್ಕೆ ತೊಂಬತ್ತರ ಸುಮಾರಿಗೆ ಮಕ್ಕಳು ಎದ್ದರೆ, ಕೀರಲು ಸದ್ದಿಗೆ ಎದ್ದವರು ಅರ್ಧಕ್ಕಿಂತ ತುಸು ಹೆಚ್ಚು. ಹೆಸರು ಕೂಗಿದರೂ ಬಿಟ್ಟರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಮುಂದಿನ ಪರೀಕ್ಷೆಗಳಲ್ಲಿ ಪರಿಚಯವಿಲ್ಲದವರ ದನಿಯೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಿತು. ಡಂಡೀಯವರು ಕೂಡ ತಗ್ಗಿನ ಸದ್ದಿನ ಜೊತೆ ಹೆಂಗಸಿನ ದನಿಯಲ್ಲಿ "ಏಳಿ, ಮನೆಗೆ ಬೆಂಕಿ ಬಿದ್ದಿದೆ" ಎಂಬ ಅರ್ಥದ ಮಾತನ್ನು ಸೇರಿಸಿದಾಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಎದ್ದರು. ಮನುಷ್ಯರ ದನಿ, ಮನುಷ್ಯರ ಮಾತು. ಮಗುವನ್ನು ಎಬ್ಬಿಸುವ ಸಾಧನ ಇದೇ. ಮಾತಾಡುವ ಅಲಾರಮುಗಳು ಪರದೇಶಗಳಲ್ಲಿ ಮಾರಾಟಕ್ಕಿವೆ, ಆದರೆ ಅವುಗಳ ಮಾತು ಹೆಚ್ಚಾಗಿ ಇಂಗ್ಲಿಷು. ಮನೆಯಲ್ಲಿ ಕನ್ನಡ ಕೇಳುತ್ತ ಬೆಳೆದ ಮಗುವಿಗೆ ಕನ್ನಡದ ಕೂಗೇ ಲೇಸೆಂದು ನನ್ನ ಮತ. ಆ ಕೂಗು ಸದ್ಯಕ್ಕೆ ನಮ್ಮ ಗಂಟಲಿನಿಂದಲೇ ಹೊರಡಬೇಕು.

ಇಷ್ಟು ಹೊತ್ತು ಅಲಾರಂ ಇರುವ ಮನೆಯ ಮಾತಾಯಿತು. "ಸ್ವಾಮಿ, ನಮ್ಮ ಖೋಲಿಯಲ್ಲಿ ಯಾವ ಬಿಲ್ಲೆಯೂ ಇಲ್ಲ" ಎಂದು ಅನೇಕ ಓದುಗರು ಹೇಳಬಹುದು. ಚಾಳುಗಳಲ್ಲಿ, ಹಳೆಯ ಕಟ್ಟಡಗಳಲ್ಲಿ, ಹೋಟೆಲಿನ ಹುಡುಗರು ಹತ್ತಾರು ಮಂದಿ ಸೇರಿ ಮಲಗುವ ರೂಮುಗಳಲ್ಲಿ ಅದು ಇರುವುದು ಅಪರೂಪವೇ. ಅಲ್ಲಿ ನಾವು ನೆಚ್ಚಿಕೊಂಡಿರುವುದು ಮೂಗನ್ನು. ಹೊಗೆಯ ವಾಸನೆಗೆ ಎಚ್ಚರವಾಗದೆ ಇದ್ದೀತೇ ಎಂಬುದು ನಮ್ಮೆಲ್ಲರ ನಂಬಿಕೆ. ಈ ನಂಬಿಕೆಯನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್‌ಕಡನ್ ಮತ್ತು ರೇಚಲ್ ಹರ್ಟ್ಸ್ ಎಂಬ ಇಬ್ಬರು ೨೦೦೪ರಲ್ಲಿ ಒರೆಗೆ ಹಚ್ಚಿದರು. ಮಲಗಿದವರ ಮೂಗಿಗೆ ಪುದೀನದ ವಾಸನೆಯನ್ನೂ, ಪಿರಿಡೀನ್ ಎಂಬ ಗಬ್ಬುನಾತದ ದ್ರವದ ವಾಸನೆಯನ್ನೂ ಹಿಡಿದರು. ನಿದ್ದೆ ಹತ್ತುತ್ತಿರುವಾಗ ಕೊಟ್ಟ ವಾಸನೆ ತಿಳಿಯಿತು. ಗಾಢನಿದ್ದೆಯಲ್ಲಿ ಕೊಟ್ಟದ್ದು ತಿಳಿಯಲೇ ಇಲ್ಲ. ಸದ್ದಿಗೆ ಎದ್ದವರೂ ನಾತಕ್ಕೆ ಏಳಲಿಲ್ಲ. ನಾವು ಮಲಗಿದಾಗ ಮೂಗೂ ಮಲಗುತ್ತದೆ.

ಅದರ ಮೇಲೆ, ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಕೆಂಪು ಕಣಗಳು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಅದನ್ನು ಹಿಡಿದುಕೊಳ್ಳುತ್ತವೆ. ಮಲಗಿದವರಿಗೆ ನಿದ್ದೆ ಇನ್ನಷ್ಟು ಭಾರವಾಗುತ್ತದೆ, ಅಷ್ಟೆ. ಚಳಿಗಾಲದಲ್ಲಿ ದಿಲ್ಲಿಯ ಕಡೆ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೇಗಡಿ ಇಟ್ಟು ಮಲಗಿದ ಮನೆಮಂದಿ ಬೆಳಿಗ್ಗೆ ಏಳದ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಬೆಂಕಿಯ ಅನಾಹುತಗಳಲ್ಲಿಯೂ ಸುಟ್ಟು ಸಾಯುವವರಿಗಿಂತ ಹೊಗೆಯಿಂದ ಸಾಯುವವರೇ ಹೆಚ್ಚು. ೨೦೧೯ರ ಡಿಸೆಂಬರ್ ೮ರಂದು ದಿಲ್ಲಿಯ ಅನಾಜ್ ಮಂಡಿಯ ಕಾರಖಾನೆಯಲ್ಲಿ ನಸುಕಿನ ಬೆಂಕಿಗೆ ಸಿಕ್ಕಿ ತೀರಿಕೊಂಡ ೪೩ ಮಂದಿಯಲ್ಲಿ ಬಹುಮಂದಿ, ದುಡಿದ ಜಾಗದಲ್ಲೇ ಮಲಗಿದ್ದ ಪರಊರಿನ ಕೆಲಸಗಾರರು. ಅವರನ್ನು ಕೊಂದದ್ದು ಹೆಚ್ಚಾಗಿ ಹೊಗೆ. ೨೦೨೫ರ ಮೇ ೧೮ರ ಭಾನುವಾರ ಬೆಳಿಗ್ಗೆ ಹೈದರಾಬಾದಿನ ಚಾರ್‌ಮಿನಾರಿನ ಹತ್ತಿರದ ಗುಲ್ಜಾರ್ ಹೌಜಿನಲ್ಲಿ, ಕೆಳಗೆ ಅಂಗಡಿ ಮೇಲೆ ಮನೆ ಇದ್ದ ಹಳೆಯ ಕಟ್ಟಡದಲ್ಲಿ ೧೭ ಜನ ತೀರಿಕೊಂಡರು. ಅವರಲ್ಲಿ ೮ ಮಂದಿ ಮಕ್ಕಳು. ಒಳಗೆ ಹೋಗಲು ಇದ್ದದ್ದು ಒಂದೇ ಇಕ್ಕಟ್ಟಿನ ದಾರಿ.

ಇದನ್ನೆಲ್ಲ ಓದಿ ಯಾರೂ ಮಕ್ಕಳ ನಿದ್ದೆ ಕೆಡಿಸಬೇಕಾಗಿಲ್ಲ, ತಾವೂ ನಿದ್ದೆಗೆಡಬೇಕಾಗಿಲ್ಲ. ಆಗಬೇಕಾದ್ದು ಒಂದು ತೀರ್ಮಾನ: ಅಲಾರಂ ಇರುವುದು ದೊಡ್ಡವರನ್ನು ಎಬ್ಬಿಸಲು, ಮಕ್ಕಳನ್ನು ಎಬ್ಬಿಸುವುದು ದೊಡ್ಡವರ ಕೆಲಸ. ಈ ಕೆಲಸಕ್ಕೆ ಹೆಸರು ಹಿಡಿದು ಆಳು ಗೊತ್ತಾಗಿರಬೇಕು. "ಯಾರಾದರೂ ಎಬ್ಬಿಸುತ್ತಾರೆ" ಎಂದರೆ ಯಾರೂ ಎಬ್ಬಿಸುವುದಿಲ್ಲ. ನಮ್ಮ ಮಹಡಿಯಲ್ಲಿ ಆ ರಾತ್ರಿ ಆದದ್ದು ಇದೇ. ಬೀಗದ ಕೈಗೂ ಛತ್ರಿಗೂ ಒಬ್ಬೊಬ್ಬರು ಇದ್ದರು, ಮಕ್ಕಳಿಗೆ ಇರಲಿಲ್ಲ.

ಮರುದಿನ ರಾತ್ರಿ ಊಟವಾದ ಮೇಲೆ ನಾನು ಈ ಮಾತು ತೆಗೆದೆ. ನನ್ನ ಮಗನಿಗೆ ವಾರ ಬಿಟ್ಟು ವಾರ ರಾತ್ರಿಪಾಳಿ. ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಅವರು ಮನೆಯಲ್ಲಿ ಇಲ್ಲದ ವಾರ ನಾನು ಒಬ್ಬಳೇ. ಎರಡು ಮಕ್ಕಳನ್ನೂ ಎತ್ತಲಾರೆ. ಚಿಕ್ಕವನನ್ನು ಎತ್ತಿಕೊಂಡರೆ ದೊಡ್ಡವಳನ್ನು ಯಾರು ಎಬ್ಬಿಸಬೇಕು?" ಎಂದಳು. "ನಾನು ಎಬ್ಬಿಸುತ್ತೇನಮ್ಮ" ಎಂದೆ. "ನಿಮ್ಮನ್ನು?" ಎಂದು ಮನೆಯವಳು ಕೇಳಿದಳು. ಎಲ್ಲರೂ ನಕ್ಕರೂ ಮಾತು ಸರಿಯಾದದ್ದೇ. ಕೊನೆಗೆ ಹೀಗೆ ಗೊತ್ತಾಯಿತು: ಮೊದಲು ಎಚ್ಚರವಾಗುವವಳು ಮನೆಯವಳು; ಅವಳು ನನ್ನ ಭುಜ ಅಲುಗಿಸಿ, ನೇರವಾಗಿ ಬಾಗಿಲಿಗೆ ಹೋಗಿ ಬೀಗ ತೆಗೆಯುವುದು. ಸೊಸೆ ಚಿಕ್ಕವನನ್ನು ಎತ್ತಿಕೊಳ್ಳುವುದು. ನಾನು ಮೊಮ್ಮಗಳನ್ನು ನಿಲ್ಲಿಸಿ ಕೈಹಿಡಿದು ನಡೆಸುವುದು. ಮಗ ಮನೆಯಲ್ಲಿದ್ದರೆ ಚಿಕ್ಕವನು ಅವನ ಪಾಲು. ಮಕ್ಕಳ ಹಾಸಿಗೆಯನ್ನು ಒಳಕೋಣೆಯಿಂದ ಬಾಗಿಲಿಗೆ ಹತ್ತಿರದ ಗೋಡೆಗೆ ತಂದೆವು. ಚಾಳಿನ ಖೋಲಿಗಳಲ್ಲಿ ಜಾಗ ಸಾಲದೆ ಮಕ್ಕಳನ್ನು ಮೇಲಿನ ಮಾಳದಲ್ಲಿ ಮಲಗಿಸುವ ವಾಡಿಕೆಯಿದೆ. ಹೊಗೆ ಮೊದಲು ಮೇಲಕ್ಕೇರಿ ಸೂರಿನ ಕೆಳಗೆ ತುಂಬುತ್ತದೆಂಬುದನ್ನು ನೆನೆದರೆ, ಮಾಳದಲ್ಲಿ ದೊಡ್ಡವರು ಮಲಗಿ ಮಕ್ಕಳನ್ನು ನೆಲದ ಮೇಲೆ ಮಲಗಿಸುವುದು ಮೇಲು.

ಗಾಢನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸುವುದಕ್ಕೂ ಒಂದು ರೀತಿಯಿದೆ. ಹೊದಿಕೆ ಎಳೆದು, ಹೆಸರು ಹಿಡಿದು ಗಟ್ಟಿಯಾಗಿ ಕೂಗಿ, ಎಬ್ಬಿಸಿ ಕೂರಿಸಿ, ಕಾಲ ಮೇಲೆ ನಿಲ್ಲಿಸಬೇಕು. ಕಣ್ಣು ಬಿಟ್ಟಿತೆಂದು ಬಿಟ್ಟು ಹೋಗಬಾರದು. ಕಣ್ಣು ತೆರೆದ ಮಗು ಎಚ್ಚರವಾಗಿರಲೇಬೇಕೆಂದಿಲ್ಲ; ಮತ್ತೆ ಬಿದ್ದುಕೊಳ್ಳಬಹುದು, ಹೆದರಿದರೆ ಮಂಚದ ಕೆಳಗೋ ಕಪಾಟಿನೊಳಗೋ ಅವಿತುಕೊಳ್ಳಬಹುದು. ಅಗ್ನಿಶಾಮಕದವರು ಮಕ್ಕಳನ್ನು ಹುಡುಕುವುದೇ ಇಂಥ ಕಡೆ. ಆದ್ದರಿಂದ ಬಾಗಿಲು ದಾಟಿ ಕೆಳಗೆ ತಲುಪುವವರೆಗೂ ಕೈ ಬಿಡುವಂತಿಲ್ಲ. ಹೊಗೆ ಇದ್ದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಹೋಗಬೇಕು, ಲಿಫ್ಟು ಬೇಡ, ಹೊರಟ ಮೇಲೆ ಬಾಗಿಲು ಎಳೆದುಕೊಂಡರೆ ಹೊಗೆ ನಿಧಾನವಾಗುತ್ತದೆ. ೧೦೧ ಅಥವಾ ೧೧೨ಕ್ಕೆ ಫೋನು ಹೊರಗೆ ಬಂದ ಮೇಲೆ ಮಾಡಬಹುದು. ಯಾವುದಕ್ಕಾಗಿಯೂ ಒಳಗೆ ಹಿಂತಿರುಗಬಾರದು.

ಬೀಗದ ಮಾತು ಹೇಳದೆ ಬಿಡಲಾರೆ. ಕಳ್ಳರ ಭಯಕ್ಕೆ ನಾವು ಒಳಗಿನಿಂದ ಜಾಲರಿಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ದಿಂಬಿನ ಕೆಳಗೋ, ಪ್ಯಾಂಟಿನ ಜೇಬಿನಲ್ಲೋ, ದೇವರ ಗೂಡಿನಲ್ಲೋ ಇಡುತ್ತೇವೆ. ಕಳ್ಳನ ಕೈಗೆ ಸಿಗದಷ್ಟು ದೂರ, ಆದರೆ ಬಾಗಿಲ ಪಕ್ಕದಲ್ಲೇ ಒಂದು ಮೊಳೆ ಹೊಡೆದು ಅಲ್ಲಿಯೇ ಪ್ರತಿರಾತ್ರಿ ತೂಗುಹಾಕಿದರೆ, ಕತ್ತಲೆಯಲ್ಲಿ ಕೈ ತಾನೇ ಹುಡುಕಿಕೊಳ್ಳುತ್ತದೆ. ಹಾಗೆಯೇ, ವಿದ್ಯುತ್ತಿನ ಸ್ಕೂಟರಿನ ಬ್ಯಾಟರಿಯನ್ನು ರಾತ್ರಿ ಮಲಗುವಾಗ ಬಾಗಿಲ ಬಳಿ ಚಾರ್ಜಿಗೆ ಹಾಕುವ ಅಭ್ಯಾಸ ಈಗ ಹಬ್ಬಿದೆ. ಅದು ಹೊತ್ತಿಕೊಂಡರೆ ಹೊರಗೆ ಹೋಗುವ ದಾರಿಯೇ ಮೊದಲು ಮುಚ್ಚುತ್ತದೆ. ಸೊಳ್ಳೆಬತ್ತಿಯನ್ನು ಹಾಸಿಗೆಯಿಂದ ದೂರ, ಲೋಹದ ತಟ್ಟೆಯಲ್ಲಿ ಇಡಬೇಕೆಂಬುದು ಎಲ್ಲರಿಗೂ ಗೊತ್ತಿದೆ, ಇಡುವವರು ಕಡಿಮೆ.

ಅಲಾರಂ ಕೊಳ್ಳಬೇಕೆನ್ನುವವರಿಗೆ ಎರಡು ಮಾತು. ಮಾರುಕಟ್ಟೆಯಲ್ಲಿ ಎರಡು ಜಾತಿಯವು ಸಿಗುತ್ತವೆ. ಒಂದರೊಳಗೆ ಅಮೆರಿಸಿಯಂ ಎಂಬ ವಿಕಿರಣ ಧಾತುವಿನ ಕಣವಿದ್ದು, ಅದು ಗಾಳಿಯಲ್ಲಿ ಹರಿಸುವ ಸಣ್ಣ ವಿದ್ಯುತ್ತಿಗೆ ಹೊಗೆ ಅಡ್ಡಬಂದಾಗ ಕೂಗುತ್ತದೆ. ಇನ್ನೊಂದರಲ್ಲಿ ಬೆಳಕಿನ ಕಿರಣವಿದ್ದು, ಹೊಗೆ ಅದನ್ನು ಚೆದುರಿಸಿದಾಗ ಕೂಗುತ್ತದೆ. ಒಗ್ಗರಣೆಗೆ ಸುಮ್ಮಸುಮ್ಮನೆ ರೇಗುವುದು ಹೆಚ್ಚಾಗಿ ಮೊದಲನೆಯದು. ನಮ್ಮ ಅಡುಗೆಗೆ ಬೆಳಕಿನದೇ ಸರಿ. ಅಡುಗೆಮನೆಯಲ್ಲಿ ಬೇಡ, ಮಲಗುವ ಜಾಗಕ್ಕೆ ಹತ್ತಿರವಾಗಿ ಸೂರಿನಲ್ಲಿರಲಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಬೇಕು. ಹತ್ತು ವರ್ಷಕ್ಕೆ ಬದಲಾಯಿಸಬೇಕು. ಪದೇ ಪದೇ ಕೂಗಿತೆಂದು ಬ್ಯಾಟರಿ ಕಿತ್ತಿಟ್ಟರೆ ಅದು ಗೋಡೆಯ ಅಲಂಕಾರ ಮಾತ್ರ. ಗ್ಯಾಸಿನ ಸೋರಿಕೆಗೆ ಕೂಗುವ ಪೆಟ್ಟಿಗೆ ಬೇರೆಯೇ ಉಂಟು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ನಾವು ಮಾಡಿದ ಏರ್ಪಾಟು ನಡೆಯುತ್ತದೆಯೋ ಇಲ್ಲವೋ ನೋಡಬೇಕೆಂದು, ಎರಡು ವಾರದ ಮೇಲೆ ಒಂದು ಶನಿವಾರ ರಾತ್ರಿ ಪರೀಕ್ಷೆಗೆ ಇಳಿದೆವು. ಮಗ ಪಾಳಿಯ ಮೇಲೆ ಹೋಗಿದ್ದ. ಮಕ್ಕಳು ಮಲಗಿ ಒಂದೂವರೆ ಗಂಟೆಯಾಗಿತ್ತು. ಸೊಸೆ ಅಂಗಡಿಯಿಂದ ತಂದಿದ್ದ ಅಲಾರಮಿನ ಗುಂಡಿಯನ್ನು ಒತ್ತಿ ಹಿಡಿದಳು. ಮಕ್ಕಳು ಮಿಸುಕಲಿಲ್ಲ. ನಾನು ಮೊಮ್ಮಗಳ ಹೆಸರು ಹಿಡಿದು ನಾಲ್ಕು ಸಲ ಕೂಗಿ, ಕೂರಿಸಿ, ನಿಲ್ಲಿಸಿದೆ. ಅವಳು "ಇವತ್ತು ರಜೆ" ಎಂದು ಗೊಣಗುತ್ತ ನಡೆದಳು. ಸೊಸೆ ಚಿಕ್ಕವನನ್ನು ಎತ್ತಿಕೊಂಡು ಮೂರು ಮಹಡಿ ಇಳಿದಳು. ಅಲ್ಲಿಗೆ ತೋಳು ಸೋತು ಅವನನ್ನು ಕೆಳಗಿಳಿಸಿ ಕೈಹಿಡಿದು ನಡೆಸಿದಳು. ಗೇಟಿನ ಹತ್ತಿರ ವಾಚ್‌ಮನ್ ಗಾಬರಿಯಾಗಿ ಎದ್ದು ನಿಂತ. ಗುಂಡಿ ಒತ್ತಿದಾಗಿನಿಂದ ಗೇಟಿನವರೆಗೆ ನಾಲ್ಕು ನಿಮಿಷ ಹಿಡಿದಿತ್ತು. ಅದರಲ್ಲಿ ಒಂದೂವರೆ ನಿಮಿಷ ನನ್ನ ಕನ್ನಡಕ ಹುಡುಕಿದ್ದಕ್ಕೆ. ಈಗ ಅದೂ ಬಾಗಿಲ ಮೊಳೆಯ ಮೇಲೆಯೇ ಇರುತ್ತದೆ.

ಸಣ್ಣಗೆ ಮಳೆ ಹನಿಯುತ್ತಿತ್ತು. ಮೊಮ್ಮಗ ಕಣ್ಣು ತೆರೆದೇ ಇದ್ದ, ಕೇಳಿದ್ದಕ್ಕೆ ಹೂಂ ಎಂದ, ತಾನೇ ನಡೆದು ಮೆಟ್ಟಿಲು ಹತ್ತಿ ಬಂದು ಮಲಗಿದ. ಬೆಳಿಗ್ಗೆ ಹಾಸಿಗೆಯ ಮೇಲೆ ಕುಳಿತು ತನ್ನ ಅಂಗಾಲು ತಿರುಗಿಸಿ ನೋಡುತ್ತ ಕೇಳಿದ: "ಅಜ್ಜ, ನನ್ನ ಕಾಲಿಗೆ ಕೆಸರು ಹೇಗೆ ಬಂತು?"